ಡೇಟನ್ನಿನ ನದಿಗಳಲ್ಲಿ ಗಾಳ ಹಾಕಿದ ನನ್ನ ಅನುಭವ

ಓಹಾಯೋದ ಡೇಟನ್ ನಗರಕ್ಕೆ ಬಂದ ಮೊದಲ ಬೇಸಿಗೆಯಲ್ಲಿ ನಾನು ಪ್ರತಿ ಶನಿವಾರ ಕಾರು ಓಡಿಸಿಕೊಂಡು ಸೀಸರ್ ಕ್ರೀಕ್ ಸರೋವರಕ್ಕೆ ಹೋಗುತ್ತಿದ್ದೆ. ದೋಣಿ ಇಲ್ಲದವನಿಗೆ ಆ ಆಳದ ನೀರು ಏನನ್ನೂ ಕೊಡಲಿಲ್ಲ. ಗ್ರೇಟ್ ಮಯಾಮಿ, ಸ್ಟಿಲ್‌ವಾಟರ್, ಮ್ಯಾಡ್ ಎಂಬ ಮೂರು ನದಿಗಳು, ಜೊತೆಗೆ ವುಲ್ಫ್ ಕ್ರೀಕ್ ಎಂಬ ಹಳ್ಳ, ನಗರದೊಳಗೇ ಒಂದಾಗುತ್ತಿರುವಾಗ ದೂರ ಹೋಗುವ ಅಗತ್ಯವೇ ಇರಲಿಲ್ಲವೆಂಬುದು ತಿಳಿಯಲು ಒಂದು ವರ್ಷ ಹಿಡಿಯಿತು. ಓಹಾಯೋದಲ್ಲಿ 16 ವರ್ಷ ತುಂಬಿದವರಿಗೆ ಮೀನುಗಾರಿಕೆಯ ಲೈಸೆನ್ಸ್ ಬೇಕು. ಅದನ್ನು ಫೋನಿನಲ್ಲೇ ಕೊಂಡೆ.

ಗ್ರೇಟ್ ಮಯಾಮಿಯಲ್ಲಿ ನಾನು ಹುಡುಕುವುದು ಸ್ಮಾಲ್‌ಮೌತ್ ಬ್ಯಾಸ್ ಎಂಬ ಮೀನನ್ನು. ಮೊಣಕಾಲುದ್ದದ ನೀರಿನಲ್ಲಿ ಕಲ್ಲೊಂದನ್ನು ಎತ್ತಿ ನೋಡಿದಾಗ ಅಡಿಯಿಂದ ಸೀಗಡಿಯಂಥ ಕ್ರೇಫಿಶ್ ಹಿಂದುಹಿಂದಕ್ಕೆ ಚಿಮ್ಮಿ ಓಡಿತು. ಅದರ ಪಾಚಿಗಂದು ಬಣ್ಣದ್ದೇ ಟ್ಯೂಬ್ ಎಂಬ ರಬ್ಬರಿನ ಹುಸಿ ಎರೆಯನ್ನು ಗಾಳಕ್ಕೆ ಸಿಕ್ಕಿಸಿ, ಪ್ರವಾಹದ ಮೇಲ್ಗಡೆಗೆ ಓರೆಯಾಗಿ ಎಸೆದು, ತಳದ ಕಲ್ಲುಗಳಿಗೆ ತಟ್ಟುತ್ತ ತೇಲಿ ಬರಲು ಬಿಡತೊಡಗಿದೆ. ಮೊದಮೊದಲು ಏಳು ಗ್ರಾಂ ಸೀಸ ಕಟ್ಟಿ ಒಂದೇ ಸಂಜೆ ಐದು ಗಾಳಗಳನ್ನು ಕಲ್ಲಿನ ಸಂದಿಗಳಿಗೆ ಒಪ್ಪಿಸಿದ್ದೆ. ಅದನ್ನು ಮೂರೂವರೆ ಗ್ರಾಮಿಗೆ ಇಳಿಸಿದ ಮೇಲೆ ನಷ್ಟ ನಿಂತಿತು. ಮೀನು ಎಳೆಯುವುದಿಲ್ಲ, ದಾರ ಸುಮ್ಮನೆ ಪಕ್ಕಕ್ಕೆ ಸರಿಯುತ್ತದೆ. ಆಗಲೇ ಕೈ ಎತ್ತಬೇಕು.

ಮ್ಯಾಡ್ ನದಿಯ ಸ್ವಭಾವವೇ ಬೇರೆ. ಹಿಮಯುಗದಲ್ಲಿ ಹರಡಿಕೊಂಡ ಜಲ್ಲಿಯ ಪದರಗಳಿಂದ ಒಸರುವ ಅಂತರ್ಜಲ ಅದನ್ನು ಕಡುಬೇಸಿಗೆಯಲ್ಲೂ ತಂಪಾಗಿಡುವುದರಿಂದ, ಅರ್ಬಾನಾ ಕಡೆಯ ಮೇಲ್ಭಾಗದಲ್ಲಿ ಸರ್ಕಾರದ ವನ್ಯಜೀವಿ ವಿಭಾಗ ಬಿಡುವ ಬ್ರೌನ್ ಟ್ರೌಟ್ ಮೀನುಗಳು ಬದುಕುತ್ತವೆ. ಹಿಂದೆ ನದಿಯನ್ನು ಕಾಲುವೆಯಂತೆ ನೇರ ಮಾಡಿದ್ದಾರೆ. ಮೀನಿನ ಮರೆಗೆ ಉಳಿದಿರುವುದು ದಡದಿಂದ ಬಾಗಿದ ಹುಲ್ಲಿನ ನೆರಳಷ್ಟೇ, ನನ್ನ ನೆರಳು ಬಿದ್ದರೆ ಅದೂ ವ್ಯರ್ಥ. ನಾನು ಅಲ್ಲಿ ಹೆಚ್ಚಾಗಿ ಬರಿಗೈಯಲ್ಲೇ ಮರಳಿದ್ದೇನೆ.

1913ರ ಮಹಾಪೂರದ ನಂತರ ಕಟ್ಟಿದ ಐದು ಅಣೆಕಟ್ಟುಗಳಲ್ಲಿ ಮ್ಯಾಡ್ ನದಿಯ ಹಫ್‌ಮನ್ನೂ ಒಂದು. ಪೂರ ಬಂದಾಗಲ್ಲದೆ ನೀರು ನಿಲ್ಲಿಸದ ಈ ಕಟ್ಟೆಗಳ ತಳದ ಸದಾ ತೆರೆದ ಸುರಂಗಗಳಿಂದ ನದಿ ಹೊರಬೀಳುವಲ್ಲಿ, ನೊರೆಯ ಅಂಚಿನ ಸುಳಿ ನನಗೆ ಇಷ್ಟವಾದ ಜಾಗ. ಆದರೆ ಗ್ರೇಟ್ ಮಯಾಮಿಗೆ ಅಡ್ಡಲಾಗಿರುವ ಗಿಡ್ಡ ಒಡ್ಡುಗಳ ಬುಡಕ್ಕೆ ನಾನು ಇಳಿಯುವುದಿಲ್ಲ. ಅಲ್ಲಿ ಹಿಂದಕ್ಕೇ ತಿರುಗಿ ಸುತ್ತುವ ನೀರಿನ ಸುಳಿ ಮನುಷ್ಯನನ್ನು ಹೊರಗೆ ಬಿಡದು.

ತುಂಗೆಯ ದಡದವನಾದ ನನಗೆ ಛಿಬ್ಬಲಗುಡ್ಡೆಯ ಮತ್ಸ್ಯಧಾಮದಲ್ಲಿ ಮೀನಿಗೆ ಮಂಡಕ್ಕಿ ಎರಚಿ ಅಭ್ಯಾಸ. ಹಿಡಿದ ಬ್ಯಾಸನ್ನು ಬಿಟ್ಟುಬಿಡುವುದು ಅದರಿಂದಲೇ ಇರಬೇಕು. ಕಳೆದ ಆಗಸ್ಟಿನ ಒಂದು ಸಂಜೆ, ಮ್ಯಾಡ್ ನದಿ ಗ್ರೇಟ್ ಮಯಾಮಿಯನ್ನು ಸೇರುವ ಡೀಡ್ಸ್ ಪಾಯಿಂಟಿನಲ್ಲಿ, ಒಂದು ಕಾಲಿಗೆ ತಣ್ಣೀರು, ಇನ್ನೊಂದಕ್ಕೆ ಉಗುರುಬೆಚ್ಚಗಿನ ನೀರು ತಾಗುವ ಗೆರೆಯ ಮೇಲೆ ನಿಂತು ಎಸೆದಾಗ ಹದಿನಾಲ್ಕು ಇಂಚಿನದೊಂದು ಸಿಕ್ಕಿತು. ಅದೇ ಗೆರೆಯಲ್ಲಿ ಇನ್ನೂ ಎರಡು ಬಂದವು. ಕತ್ತಲಾಗುತ್ತಲೇ ಕ್ಯಾಟ್‌ಫಿಶ್ ಹಿಡಿಯುವವರು ಕೋಳಿಯ ಲಿವರಿನ ಡಬ್ಬಿ ಹಿಡಿದು ಬಂದು ಜಾಗ ಕೇಳಿದರು, ಬಿಟ್ಟುಕೊಟ್ಟೆ.