ಮಾತಿನ ಸುತ್ತಿಗೆ ಅಂಕ ಹಾಕಿದ ಬಗೆ: ನನ್ನ ಅನುಭವ

ಸೌಂದರ್ಯ ಸ್ಪರ್ಧೆಯಲ್ಲಿ ಮಾತಿಗೆ ಅಂಕ ಬೇಕೇ ಬೇಡವೇ ಎಂಬ ಜಗಳದಲ್ಲಿ ನಾನು ‘ಬೇಕು’ ಅನ್ನುವ ಕಡೆಯವನು. ಗೆದ್ದವಳಿಗೆ ಮುಂದಿನ ಒಂದು ವರ್ಷ ಇರುವ ಕೆಲಸವೇ ಮಾತಾಡುವುದು: ಸಂದರ್ಶನ, ಉದ್ಘಾಟನೆ, ಪ್ರಾಯೋಜಕರ ಸಭೆ, ದೇಣಿಗೆ ಸಂಗ್ರಹ. ಆದರೆ ವೇದಿಕೆಯ ಮೇಲೆ 30 ಸೆಕೆಂಡಿನ ಒಂದು ಪ್ರಶ್ನೆ ಹಾಕಿ ಅಂಕ ಕೊಡುವ ಪದ್ಧತಿ ಇದೆಯಲ್ಲ, ಅದರಲ್ಲಿ ಗೊತ್ತಾಗುವುದು ಬಾಯಿಪಾಠ ಎಷ್ಟು ಗಟ್ಟಿ ಅನ್ನುವುದಷ್ಟೇ. ಬೇರೆ ದಾರಿ ಇದೆ ಅಂದಾಗ ‘ಅದೆಲ್ಲ ನಡೆಯೋದಿಲ್ಲ’ ಎಂದು ತಲೆಯಾಡಿಸಿದವರೇ ಈಗ ಅಂಕಪಟ್ಟಿಯ ಪ್ರತಿ ಕೇಳುತ್ತಿದ್ದಾರೆ.

ಮೊದಲು ಕೈಕೊಟ್ಟಿದ್ದು ಯಾವ ಸುತ್ತಿಗೆ ಅಂಕದಲ್ಲಿ ಎಷ್ಟು ಪಾಲು ಎಂಬ ಲೆಕ್ಕ. ಮಾತಿಗೆ ಶೇ. 25, ಗೌನ್ ತೊಟ್ಟು ನಡೆಯುವ ಸುತ್ತಿಗೆ ಶೇ. 25 ಎಂದು ನಿಯಮದಲ್ಲಿ ಬರೆದರೆ ಸಮ ಆಯಿತು ಅಂದುಕೊಂಡಿದ್ದು ತಪ್ಪು. ತೀರ್ಪುಗಾರರು ಮಾತಿಗೆ ಎಲ್ಲರಿಗೂ ಏಳೂವರೆಯಿಂದ ಎಂಟೂವರೆಯೊಳಗೇ ಹಾಕುತ್ತಾರೆ, ಯಾರ ಮನಸ್ಸನ್ನೂ ನೋಯಿಸುವುದು ಬೇಡ ಎಂದು. ಗೌನಿಗೆ ಮಾತ್ರ ಐದರಿಂದ ಒಂಬತ್ತೂವರೆವರೆಗೆ ಧಾರಾಳವಾಗಿ ಹರಡುತ್ತಾರೆ. ಹರವು ಜಾಸ್ತಿ ಇರುವ ಸುತ್ತೇ ಗೆಲುವನ್ನು ನಿರ್ಧರಿಸುತ್ತದೆ. ಕಾಗದದ ಮೇಲಿನ ಶೇಕಡಾವಾರು ಲೆಕ್ಕಕ್ಕೇ ಬರುವುದಿಲ್ಲ. ಮಾತಿನ ಪಾಲನ್ನು 40ಕ್ಕೆ ಏರಿಸಿ, ಗೌನನ್ನು 20ಕ್ಕೆ ಇಳಿಸಿ ಹಳೆಯ ಪಟ್ಟಿಗಳ ಮೇಲೆ ಮತ್ತೆ ಕೂಡಿಸಿ ನೋಡಿದರೂ ಮೊದಲ ಮೂವರು ಕದಲಲಿಲ್ಲ. ಕೊನೆಗೆ ಅಂಕವನ್ನೇ ಬಿಟ್ಟು ಸ್ಥಾನ ಹಿಡಿದೆ: ಪ್ರತಿ ತೀರ್ಪುಗಾರ ಕೊಟ್ಟ ಅಂಕವನ್ನು ಅವನ ಹಾಳೆಯೊಳಗೇ 1, 2, 3 ಎಂದು ಸ್ಥಾನಕ್ಕೆ ಇಳಿಸಿ, ಆ ಸ್ಥಾನಗಳನ್ನು ಕೂಡಿಸುವುದು. ಕಡಿಮೆ ಮೊತ್ತ ಬಂದವಳು ಮುಂದೆ. ಐದು ಜನ ತೀರ್ಪುಗಾರರು, ಹನ್ನೆರಡು ಸ್ಪರ್ಧಿಗಳು ಇದ್ದಾಗ ಸಮಬಲ ಆಗಾಗ ಬರುತ್ತದೆ. ಆಗ ಮುಚ್ಚಿದ ಕೋಣೆಯಲ್ಲಿ ತೀರ್ಪುಗಾರರೆದುರು ಆಡಿದ ಮಾತಿಗೆ ಬಂದ ಸ್ಥಾನವೇ ಅಂತಿಮ.

ಈ ಮುಚ್ಚಿದ ಕೋಣೆಯೇ ಇಡೀ ಪದ್ಧತಿಯ ಜೀವಾಳ. ಬೆಳಿಗ್ಗೆ, ಗೌನು ಕಣ್ಣಿಗೆ ಬೀಳುವ ಮೊದಲೇ, ಸಾದಾ ಉಡುಪಿನಲ್ಲಿ ಒಬ್ಬೊಬ್ಬರಿಗೆ ಎಂಟು ನಿಮಿಷ. ಗೌನ್ ನೋಡಿದ ಮೇಲೆ ಮಾತು ಕೇಳಿಸಿದರೆ ಚೆನ್ನಾಗಿ ಕಂಡವಳು ಚೆನ್ನಾಗಿ ಮಾತಾಡಿದ ಹಾಗೂ ಅನಿಸಿಬಿಡುತ್ತದೆ. ಒಬ್ಬ ತೀರ್ಪುಗಾರನನ್ನು ಪರದೆಯ ಹಿಂದೆ ಕೂರಿಸಿ ಬರೀ ದನಿಗೆ ಅಂಕ ಹಾಕಿಸಿದೆ. ಅವನ ಪಟ್ಟಿ ಉಳಿದ ನಾಲ್ವರದಕ್ಕೆ ಎಲ್ಲೂ ತಾಳೆಯಾಗಲಿಲ್ಲ. ಉತ್ತರಗಳನ್ನು ಅಕ್ಷರಕ್ಕಿಳಿಸಿ ಓದಿಸಿದ್ದು ಇನ್ನೊಂದು ಪ್ರಯೋಗ. ವೇದಿಕೆಯಲ್ಲಿ ಚಪ್ಪಾಳೆ ಗಿಟ್ಟಿಸಿದ ಉತ್ತರ ಹಾಳೆಯ ಮೇಲೆ ‘ಜಗತ್ತು, ಕನಸು, ಮಹಿಳೆ, ಶಾಂತಿ’ ಎಂಬ ನಾಲ್ಕು ಪದಗಳಿಗೆ ಇಳಿದಿತ್ತು. ಅಂದಿನಿಂದ ವಿಷಯಕ್ಕೆ ಬೇರೆ ಕಾಲಂ, ಹೇಳುವ ರೀತಿಗೆ ಬೇರೆ ಕಾಲಂ.

ಪ್ರಶ್ನೆ ಎಲ್ಲರಿಗೂ ಒಂದೇ ಇರಬೇಕು. 1994ರ ಫೆಮಿನಾ ಮಿಸ್ ಇಂಡಿಯಾದಲ್ಲಿ ಸುಷ್ಮಿತಾ ಸೇನ್, ಐಶ್ವರ್ಯಾ ರೈ ಇಬ್ಬರೂ ಸಮಬಲದಲ್ಲಿ ನಿಂತಾಗ ಒಬ್ಬರಿಗೆ ದೇಶದ ಜವಳಿ ಪರಂಪರೆಯ ಪ್ರಶ್ನೆ, ಇನ್ನೊಬ್ಬರಿಗೆ ಟಿವಿ ಧಾರಾವಾಹಿಯ ಪಾತ್ರಗಳಲ್ಲಿ ಎಂಥ ಗಂಡ ಬೇಕು ಎಂಬ ಪ್ರಶ್ನೆ. ಸುಷ್ಮಿತಾ ಗೆದ್ದರು, ಅದು ಸರಿಯೋ ತಪ್ಪೋ ಬೇರೆ ಮಾತು, ತಕ್ಕಡಿಯ ಎರಡು ಕಡೆ ಬೇರೆ ಬೇರೆ ಬಟ್ಟು ಇಟ್ಟ ಹಾಗಾಯಿತು. ಒಂದೇ ಪ್ರಶ್ನೆ ಇಟ್ಟರೆ ಸೋರಿಕೆಯ ಕಾಟ. ಕಾಯುವ ಕೋಣೆಯ ಬಾಗಿಲು ಬೇರೆ ಇರಬೇಕು, ಮುಗಿಸಿ ಹೋದವಳು ಕಾಯುವವರ ಕಣ್ಣಿಗೂ ಬೀಳಬಾರದು, ಮೊಬೈಲು ಮೊದಲೇ ಒಪ್ಪಿಸಿರಬೇಕು. ಹೆಡ್‌ಫೋನ್ ಹಾಕಿಸಿದರೆ ಒಳಗೆ ಹಾಡು ಓಡುತ್ತಿರಬೇಕು. ಬರಿದೆ ಹಾಕಿಸಿದರೆ ಎಲ್ಲವೂ ಕೇಳುತ್ತದೆ.

ಬಾಯಿಪಾಠ ಒಡೆಯುವುದು ಎರಡನೇ ಪ್ರಶ್ನೆಯಲ್ಲಿ. ಅವಳ ಉತ್ತರದಲ್ಲೇ ಒಂದು ಪದ ಹಿಡಿದು ‘ಇದಕ್ಕೆ ನೀವೇ ಕಂಡ ಒಂದು ಉದಾಹರಣೆ ಹೇಳಿ’ ಎಂದರೆ ಸಾಕು. ತರಬೇತುದಾರ ಬರೆದುಕೊಟ್ಟ ಮಾತಾಗಿದ್ದರೆ ಅಲ್ಲಿಗೆ ನಿಂತಿತು. ಮೂರನೇ ಪ್ರಶ್ನೆಯೊಂದು ಇದೆ, ಅದನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ಮುಂದಿನ ಸಲ ಅದಕ್ಕೂ ಉತ್ತರ ಉರು ಹೊಡೆದುಕೊಂಡು ಬರುತ್ತಾರೆ.

ಭಾಷೆಯ ವಿಷಯದಲ್ಲಿ ನಾನು ಕಟ್ಟುನಿಟ್ಟು: ಅವಳಿಗೆ ಸುಲಭವಾದ ಭಾಷೆಯಲ್ಲೇ ಆಡಬೇಕು. 2010ರ ಮಿಸ್ ಯೂನಿವರ್ಸ್ ನೋಡಿ. ಮೆಕ್ಸಿಕೊದ ಹಿಮೆನಾ ನವರೆತೆ ಸ್ಪ್ಯಾನಿಷ್‌ನಲ್ಲಿ ಉತ್ತರಿಸಿ, ದುಭಾಷಿ ಅನುವಾದಿಸಿ, ಗೆದ್ದರು. ಅದೇ ರಾತ್ರಿ ಫಿಲಿಪ್ಪೀನ್ಸ್‌ನ ವೀನಸ್ ರಾಜ್ ಇಂಗ್ಲಿಷಿನಲ್ಲೇ ಹೇಳಲು ಹೋಗಿ ‘ಮೇಜರ್ ಮೇಜರ್’ ಎಂದು ಎಡವಿದ್ದು ಇವತ್ತಿಗೂ ಜೋಕು. ಸಿಕ್ಕಿದ್ದು ಐದನೇ ಸ್ಥಾನ. ಆದರೆ ದುಭಾಷಿಯೂ ಅಪಾಯವೇ. ತೊದಲಿದ ವಾಕ್ಯವನ್ನು ಇಸ್ತ್ರಿ ಮಾಡಿ ಕೊಟ್ಟುಬಿಡುತ್ತಾನೆ. ಸ್ಪರ್ಧಿಯ ಕಡೆಯವನಾಗಿರಬಾರದು, ಮೂಲ ಭಾಷೆ ಬಲ್ಲ ಒಬ್ಬರಾದರೂ ತೀರ್ಪುಗಾರರಲ್ಲಿ ಇರಬೇಕು, ಅನುವಾದ ನಡೆಯುವಾಗ ಗಡಿಯಾರ ನಿಲ್ಲಬೇಕು.

ವೇದಿಕೆಯ ಪ್ರಶ್ನೆಯನ್ನು ಪೂರ್ತಿ ತೆಗೆದಿಲ್ಲ, ಪ್ರೇಕ್ಷಕರಿಗೆ ಬೇಕು. ಕೊನೆಯವರೆಗೆ ಉಳಿದ ಐವರಿಗೆ ಮಾತ್ರ, 30ರ ಬದಲು 45 ಸೆಕೆಂಡು. ಇಲ್ಲಿ ತುಂಬಾ ಜನಕ್ಕೆ ಹೊಳೆಯದ ದೋಷ ಇರುವುದು ಧ್ವನಿವರ್ಧಕದಲ್ಲಿ. ಹಿಂಬದಿಯ ಗೋಡೆ 34 ಮೀಟರ್ ದೂರ ಇದ್ದರೆ ಅವಳ ದನಿ ಹೋಗಿ ತಿರುಗಿ ಬರಲು 0.2 ಸೆಕೆಂಡು ಬೇಕು. ಅಷ್ಟು ತಡವಾಗಿ ಸ್ವಂತ ದನಿ ಕಿವಿಗೆ ಬಿದ್ದರೆ ಎಂಥವರ ನಾಲಿಗೆಯೂ ತೊಡರುತ್ತದೆ, ತೀರ್ಪುಗಾರರು ಅದನ್ನು ಅಂಜಿಕೆ ಅಂದುಕೊಂಡು ಅಂಕ ಕತ್ತರಿಸುತ್ತಾರೆ. ಅವಳ ಕಾಲಬುಡದಿಂದ ಒಂದೂವರೆ ಮೀಟರಿಗೆ ಅವಳತ್ತ ತಿರುಗಿಸಿದ ಒಂದು ಮಾನಿಟರ್ ಸ್ಪೀಕರ್ ಇಟ್ಟು, ಮೈಕನ್ನು ಗದ್ದದಿಂದ ನಾಲ್ಕು ಬೆರಳಿನ ದೂರಕ್ಕೆ ಹಿಡಿಸಿದರೆ ಮುಕ್ಕಾಲು ಪಾಲು ಸರಿಹೋಗುತ್ತದೆ.

ದುಡ್ಡು ದಂಡವಾದದ್ದು ಅಂಕ ಹಾಕುವ ಟ್ಯಾಬ್ಲೆಟ್ಟುಗಳ ಬಾಡಿಗೆಯಲ್ಲಿ. ತೀರ್ಪುಗಾರರು ಹಿಂದಕ್ಕೆ ಹೋಗಿ ಮೊದಲ ಸ್ಪರ್ಧಿಯ ಅಂಕ ತಿದ್ದುತ್ತ ಕೂತರು; ಯಾರು ಯಾವಾಗ ತಿದ್ದಿದರು ಎಂಬ ಗುರುತೇ ಇಲ್ಲ. ಈಗ ಕಾಗದ, ಶಾಯಿ ಪೆನ್ನು, ಮೂವರು ಸ್ಪರ್ಧಿಗಳು ಮುಗಿದ ಕೂಡಲೇ ಹಾಳೆ ವಾಪಸ್. ಮೂವರನ್ನು ಕೇಳಿದ ಮೇಲೆಯೇ ಅಂಕ ಬರೆಯಬೇಕು ಎಂದದ್ದರಿಂದ ಮೊದಲು ಬಂದವಳಿಗೆ ಕೈ ಬಿಗಿಹಿಡಿಯುವ ಚಾಳಿಯೂ ತಗ್ಗಿತು. ಮುಚ್ಚಿದ ಕೋಣೆಗೆ ಬಿದ್ದ ಹೆಚ್ಚುವರಿ ಖರ್ಚು ತೀರ್ಪುಗಾರರ ಅರ್ಧ ದಿನದ ಸಂಭಾವನೆ, ಊಟ, ಒಂದು ಕೋಣೆ. ನೆನಪಿದ್ದಂತೆ ಆ ಬಾಡಿಗೆಯ ಅರ್ಧವೂ ಆಗಲಿಲ್ಲ.