ಅಂಗಡಿ ಮೈಲುತುತ್ತದಿಂದ ಶುದ್ಧ ಹರಳು

ಸೋಸುವಿಕೆ, ಸ್ಫಟಿಕೀಕರಣ ಎರಡನ್ನೂ ಒಟ್ಟಿಗೆ ಕಲಿಸಲು ನಾನು ಬಳಸುವುದು ಅಡಿಕೆ ತೋಟಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆಂದು ಮಾರುವ ಮೈಲುತುತ್ತವನ್ನು, ಅಂದರೆ ತಾಮ್ರದ ಸಲ್ಫೇಟನ್ನು. ಅದರಲ್ಲಿ ಮಣ್ಣು, ಮರಳು, ಒಮ್ಮೊಮ್ಮೆ ಕಬ್ಬಿಣದ ಲವಣವೂ ಇರುತ್ತದೆ. ಅಡುಗೆ ಉಪ್ಪು ಇದಕ್ಕೆ ಒಗ್ಗದು: ಬಿಸಿನೀರಿನಲ್ಲೂ ತಣ್ಣೀರಿನಲ್ಲೂ ಅದು ಹೆಚ್ಚುಕಡಿಮೆ ಅಷ್ಟೇ ಕರಗುವುದರಿಂದ ದ್ರಾವಣ ತಣಿದರೂ ಹರಳು ಬೀಳುವುದಿಲ್ಲ. ಮೈಲುತುತ್ತ 80 ಡಿಗ್ರಿಯಲ್ಲಿ ಕರಗುವ ಪ್ರಮಾಣ 20 ಡಿಗ್ರಿಯದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು.

50 ಗ್ರಾಂ ಪುಡಿಗೆ 80 ಮಿ.ಲೀ. ಭಟ್ಟಿ ಇಳಿಸಿದ ನೀರು, 1 ಮಿ.ಲೀ. ದುರ್ಬಲ ಸಲ್ಫ್ಯೂರಿಕ್ ಆಮ್ಲ. ಆಮ್ಲ ಹಾಕದಿದ್ದರೆ ಬಿಸಿಯಲ್ಲಿ ದ್ರಾವಣ ಮಬ್ಬಾಗಬಹುದು. ಗಾಜಿನ ಬೀಕರ್ ಮಾತ್ರ ಸರಿ. ಕಬ್ಬಿಣ, ಅಲ್ಯೂಮಿನಿಯಂ ಪಾತ್ರೆಗೆ ತಾಮ್ರ ಹತ್ತಿಕೊಳ್ಳುತ್ತದೆ. ಪುಡಿ ಕರಗಿದ ಮೇಲೆ 3% ಹೈಡ್ರೋಜನ್ ಪೆರಾಕ್ಸೈಡ್ 2 ಮಿ.ಲೀ. ಹಾಕಿ ಒಂದೆರಡು ನಿಮಿಷ ಕುದಿಸುತ್ತೇನೆ. ಕಬ್ಬಿಣದ ಲವಣಕ್ಕೆ ಫೆರಸ್, ಫೆರಿಕ್ ಎಂದು ಎರಡು ರೂಪ; ಪೆರಾಕ್ಸೈಡ್ ಮೊದಲನೆಯದನ್ನು ಎರಡನೆಯದಾಗಿ ಬದಲಿಸುತ್ತದೆ. ಫೆರಸ್ ಕಬ್ಬಿಣ ತಾಮ್ರದ ಹರಳಿನೊಳಗೇ ಸೇರಿಕೊಳ್ಳಬಲ್ಲದು; ಫೆರಿಕ್ ಆದರೆ ಬಹುಪಾಲು ದ್ರಾವಣದಲ್ಲೇ ಉಳಿಯುತ್ತದೆ.

ಹೆಚ್ಚಿನವರು ಎಡವುವುದು ಸೋಸುವಾಗ. ನೀರು ಉಳಿಸಲು ಹೋಗಿ ತೀರಾ ಗಟ್ಟಿ ದ್ರಾವಣ ಮಾಡಿದರೆ ಅದು ತಣ್ಣನೆಯ ಆಲಿಕೆಗೆ ತಾಗಿದೊಡನೆ ಕಾಗದದ ಮೇಲೇ ಹರಳುಗಟ್ಟಿ ದಾರಿ ಕಟ್ಟುತ್ತದೆ. ಅದಕ್ಕೇ ನೀರು ಸ್ವಲ್ಪ ಧಾರಾಳ. ಕಾಲು ಗಿಡ್ಡವಿರುವ ಆಲಿಕೆಯನ್ನು ಬಿಸಿನೀರಲ್ಲಿ ಅದ್ದಿ, ಒರೆಸಿ, ನೆರಿಗೆ ಮಡಿಸಿದ ಫಿಲ್ಟರ್ ಪೇಪರ್ ಇಟ್ಟು, ಸ್ವಲ್ಪ ಸ್ವಲ್ಪವೇ ಸುರಿಯಬೇಕು. ಉಳಿದದ್ದು ಒಲೆಯ ಮೇಲೇ ಬಿಸಿಯಾಗಿರಲಿ. ಕೆಸರನ್ನು 5 ಮಿ.ಲೀ. ಬಿಸಿನೀರಿನಿಂದ ತೊಳೆದು ಅದನ್ನೂ ಸೇರಿಸಿ.

ಆಮೇಲೆ ಪಿಂಗಾಣಿ ಬೋಗುಣಿಯಲ್ಲಿ ಸಣ್ಣ ಉರಿಯಲ್ಲಿ ಬತ್ತಿಸಿ. ಗಾಜಿನ ಕಡ್ಡಿ ಅದ್ದಿ ತೆಗೆದು ಬಾಯಲ್ಲಿ ಊದಿದಾಗ ತುದಿಯಲ್ಲಿ ಸಣ್ಣ ಹರಳು ಕಂಡರೆ ಉರಿ ಆರಿಸುವ ಹೊತ್ತು. ಪೂರ್ತಿ ಬತ್ತಿಸಿದರೆ ಕೊಳೆಯೆಲ್ಲ ಹರಳಿನ ಜೊತೆಗೇ ಉಳಿಯುತ್ತದೆ, ಸೋಸಿದ್ದಕ್ಕಿಂತ ಹೆಚ್ಚು ಲಾಭವೇನೂ ಇಲ್ಲ. ವಾಚ್ ಗ್ಲಾಸ್ (ಗಾಜಿನ ಚಿಕ್ಕ ತಟ್ಟೆ) ಮುಚ್ಚಿ, ಅಲುಗಾಡಿಸದೆ ರಾತ್ರಿಯಿಡೀ ಬಿಡಿ. ಐಸ್ ನೀರಿನಲ್ಲಿಟ್ಟು ಅವಸರ ಮಾಡಿದರೆ ಸಿಗುವುದು ಸಕ್ಕರೆಯಂಥ ಪುಡಿ; ಆ ಕಣಗಳ ನಡುವೆ ಕೊಳೆ ದ್ರಾವಣ ಸಿಕ್ಕಿಕೊಂಡು ತೊಳೆದರೂ ಹೋಗದು.

ಉಳಿದ ದ್ರಾವಣವನ್ನು ಬಗ್ಗಿಸಿ, ಹರಳಿಗೆ ಒಂದೆರಡು ಚಮಚ ಮಾತ್ರ ತಣ್ಣೀರು ಹಾಯಿಸಿ. ನಲ್ಲಿಯ ಕೆಳಗೆ ಹಿಡಿದರೆ ಬೆಳೆದದ್ದು ಕರಗಿ ಹೋಗುತ್ತದೆ. ಒಣಗಿಸುವುದು ಫಿಲ್ಟರ್ ಪೇಪರ್ ಮಡಿಕೆಯಲ್ಲಿ. ಓವನ್ನಿಗೆ ಹಾಕಿದರೆ ಹರಳಿನೊಳಗೇ ಕೂಡಿಕೊಂಡಿರುವ ನೀರು ಹೋಗಿ ನೀಲಿ ಬಿಳಿಚುತ್ತದೆ. ಮೊದಲ ಸುತ್ತಿನಲ್ಲಿ ಸುಮಾರು ಅರ್ಧ ತೂಕ ಸಿಕ್ಕಿದರೆ ಸಾಕು. ಬಗ್ಗಿಸಿದ ದ್ರಾವಣವನ್ನು ಚರಂಡಿಗೆ ಚೆಲ್ಲಬೇಡಿ, ತಾಮ್ರ ಮೀನುಗಳಿಗೆ ವಿಷ. ಮತ್ತೆ ಬತ್ತಿಸಿದರೆ ಎರಡನೇ ಬೆಳೆ ಬರುತ್ತದೆ, ಆದರೆ ಅದು ಮೊದಲಿನಷ್ಟು ಶುದ್ಧವಲ್ಲ.

ಶುದ್ಧತೆ ನೋಡಲು ಒಂದು ಹರಳನ್ನು ನೀರಲ್ಲಿ ಕರಗಿಸಿ ಅಮೋನಿಯ ದ್ರಾವಣವನ್ನು ಧಾರಾಳವಾಗಿ ಹಾಕಿ. ಮೊದಲು ಬೀಳುವ ತಿಳಿನೀಲಿ ಗಸಿ ಕರಗಿ ಕಡುನೀಲಿಯ ತಿಳಿ ದ್ರಾವಣ ಆದರೆ ಸರಿ. ಕಂದು ಚೂರುಗಳು ತೇಲಿದರೆ ಕಬ್ಬಿಣ ಇನ್ನೂ ಇದೆ, ಇನ್ನೊಮ್ಮೆ ಕರಗಿಸಬೇಕು.