ಎಲ್ಮ್ ಬೈದರೆ ಪೂರ್ತಿ ಕೇಳಿಸಿಕೊಳ್ಳಿ

ಮಂಡ್ಯದ ಹತ್ತಿರ ನಮ್ಮ ಚಿಕ್ಕಪ್ಪನ ಆಲೆಮನೆ ಇದೆ. ಬೆಲ್ಲದ ಲೆಕ್ಕಕ್ಕೆಂದು ಒಂದು ಪುಟ್ಟ ವೆಬ್ ಪುಟ ಮಾಡಿಕೊಟ್ಟೆ. ತೆರೆಯ ಮೇಲೆ 1250000 ಎಂದು ಬಂದಿದ್ದೇ ತಡ, 'ಇದೇನ್ಲಾ ಮಗ, ಲಕ್ಷವೋ ಕೋಟಿಯೋ? ಸೊನ್ನೆ ಎಣಿಸ್ಕಂಡು ಕೂತ್ಕಳನಾ?' ಎಂದರು. ನಮ್ಮ ರೂಢಿಯಂತೆ 12,50,000 ಎಂದು ಕಾಮಾ ಹಾಕುವ ಫಂಕ್ಷನ್ ಬರೆದೆ. ಬೇರೆಯವರಿಗೂ ಬೇಕಾಗುತ್ತದಲ್ವಾ ಎಂದು ಅದನ್ನೇ ಪ್ಯಾಕೇಜ್ ಮಾಡಲು ಹೊರಟೆ.

ಬರೆದದ್ದು ಎಲ್ಮ್‌ನಲ್ಲಿ. 2012ರಲ್ಲಿ ಎವನ್ ಚಾಪ್ಲಿಕಿ ಹೊರತಂದ ಫಂಕ್ಷನಲ್ ಪ್ರೋಗ್ರಾಮಿಂಗ್ ಭಾಷೆ ಇದು. ಬ್ರೌಸರ್‌ಗೆಂದೇ ಇರುವುದು, ಕೊನೆಗೆ ಜಾವಾಸ್ಕ್ರಿಪ್ಟ್ ಆಗುತ್ತದೆ. ಇಲ್ಲಿ ಹೇಳುವುದು 0.19.1 ಆವೃತ್ತಿಯ ಮಾತು.

ತಪ್ಪು ಎಲ್ಲಿದೆ?

ನಾವು ಬರೆದದ್ದನ್ನು ಜಾವಾಸ್ಕ್ರಿಪ್ಟ್‌ಗೆ ತಿರುಗಿಸುವ ಎಲ್ಮ್ ಕಂಪೈಲರ್ ತಪ್ಪಿಗೆ ಒಂದು ಸಾಲಿನಲ್ಲಿ ಬೈದು ಸುಮ್ಮನಾಗುವುದಿಲ್ಲ. ಯಾವ ಸಾಲು, ಏನು ಬಂತು, ಏನು ಬೇಕಿತ್ತು ಎಂದು ಹೇಳಿ, ಕೆಳಗೆ ಸುಳಿವನ್ನೂ ಕೊಡುತ್ತದೆ. ನಾವು ಮೊದಲ ಸಾಲು ನೋಡಿಯೇ ಗೂಗಲ್‌ಗೆ ಓಡುತ್ತೇವೆ. ಓಡಬೇಡಿ, ಕೆಳಗಿನ ತನಕ ಓದಿ.

ಕ್ವಿಂಟಲ್ ಬರೆಯುವ ಪೆಟ್ಟಿಗೆಯ ಅಕ್ಷರಗಳನ್ನು 'ಸ್ಟ್ರಿಂಗ್.ಟುಇಂಟ್'ನಿಂದ ಸಂಖ್ಯೆ ಮಾಡಿ ದರದಿಂದ ಗುಣಿಸಿದೆ. 'ಟೈಪ್ ಮಿಸ್‌ಮ್ಯಾಚ್' ಬಂತು, ಅಂದರೆ ಬೇಕಾದ ಬಗೆಯೇ ಬೇರೆ, ಕೊಟ್ಟ ಬಗೆಯೇ ಬೇರೆ. ನನಗೆ ಸಿಕ್ಕಿದ್ದು 'ಇಂಟ್' (ಪೂರ್ಣಾಂಕ) ಅಲ್ಲ, 'ಮೇಬಿ ಇಂಟ್' ಅಂತೆ. ಅಂದರೆ ಸಂಖ್ಯೆ ಸಿಗಬಹುದು, ಸಿಗದೇ ಇರಬಹುದು. ಕಿರಿಕಿರಿ ಅನ್ನಿಸಿತು. ಆದರೆ ಪೆಟ್ಟಿಗೆಯಲ್ಲಿ ಚಿಕ್ಕಪ್ಪ ಏನು ಬೇಕಾದರೂ ಬರೆಯಬಹುದು. ಖಾಲಿ ಬಿಡಬಹುದು. 10ರ ಹಿಂದೆ ಒಂದು ಸ್ಪೇಸ್ ಒತ್ತಬಹುದು. ಹನ್ನೆರಡೂವರೆ ಕ್ವಿಂಟಲ್ ಎಂದು 12.5 ಹಾಕಬಹುದು. ಕನ್ನಡ ಅಂಕಿಯಲ್ಲಿ ೧೦ ಎಂದು ಬರೆದರೂ ಸಿಗುವುದು 'ನಥಿಂಗ್' ಒಂದೇ, ಅಂದರೆ ಸಂಖ್ಯೆ ಸಿಗಲಿಲ್ಲ ಅಂತ! ಹಾಗಾಗಿ 'ಕೇಸ್' ಬಳಸಿ 'ಜಸ್ಟ್' (ಸಂಖ್ಯೆ ಸಿಕ್ಕಿತು) ಬಂದರೆ ಏನು, 'ನಥಿಂಗ್' ಬಂದರೆ ಏನು ಎಂದು ಎರಡನ್ನೂ ಬರೆಯಿರಿ. ಒಂದನ್ನು ಬಿಟ್ಟರೆ 'ಮಿಸ್ಸಿಂಗ್ ಪ್ಯಾಟರ್ನ್ಸ್' ಎಂದು ಮತ್ತೆ ತಡೆಯುತ್ತದೆ. ಸ್ಪೇಸ್‌ಗೆ 'ಸ್ಟ್ರಿಂಗ್.ಟ್ರಿಮ್', ದಶಮಾಂಶಕ್ಕೆ 'ಸ್ಟ್ರಿಂಗ್.ಟುಫ್ಲೋಟ್' ಇದೆ.

ಕಂಪೈಲ್ ಆದರೂ ಉತ್ತರ ತಪ್ಪು ಬಂದರೆ ನಡುವೆ 'ಡಿಬಗ್.ಲಾಗ್' ಹಾಕಿ, ಬ್ರೌಸರ್ ಕನ್ಸೋಲ್‌ನಲ್ಲಿ ಆ ಹಂತದ ಮೌಲ್ಯ ಕಾಣುತ್ತದೆ. 'ಆಪ್ಟಿಮೈಜ್' ಆಯ್ಕೆ ಕೊಟ್ಟು ಕಂಪೈಲ್ ಮಾಡುವ ಮುಂಚೆ ತೆಗೆದುಬಿಡಿ, ಇದ್ದರೆ ಒಪ್ಪುವುದಿಲ್ಲ. ಕ್ಯಾಶ್ ಕೆಟ್ಟಿದೆ ಎಂಬ ದೂರು ಬಂದರೆ 'ಎಲ್ಮ್-ಸ್ಟಫ್' ಫೋಲ್ಡರ್ ಅಳಿಸಿ, ಮತ್ತೆ ತಾನೇ ಹುಟ್ಟಿಕೊಳ್ಳುತ್ತದೆ.

ಹಂಚುವ ಮುನ್ನ

ಪ್ಯಾಕೇಜ್‌ಗೆ ಬೇರೆ ಫೋಲ್ಡರ್ ಮಾಡಿ. 'ಎಲ್ಮ್ ಇನಿಟ್' ಆಜ್ಞೆ ಕೊಡುವ 'ಎಲ್ಮ್.ಜೆಸನ್' ಫೈಲ್ ಆ್ಯಪ್‌ಗೆಂದು ಇರುವುದು. ಅದರಲ್ಲಿ ಟೈಪ್ ಎಂಬಲ್ಲಿ 'ಪ್ಯಾಕೇಜ್' ಎಂದು ಬದಲಿಸಿ. ಗಿಟ್‌ಹಬ್ (ಕೋಡ್ ಇಡುವ ತಾಣ) ಹೆಸರು ಸೇರಿದ ಪ್ಯಾಕೇಜ್ ಹೆಸರು, ಒಂದು ಸಾಲಿನ ಪರಿಚಯ, ಲೈಸೆನ್ಸ್, ಹೊರಗೆ ಕಾಣಬೇಕಾದ ಮಾಡ್ಯೂಲ್‌ಗಳು, ಇವನ್ನು ಸೇರಿಸಿ. ಆ್ಯಪ್‌ನಲ್ಲಿ ಅವಲಂಬನೆಗೆ (ನಾವು ಬಳಸುವ ಬೇರೆ ಪ್ಯಾಕೇಜ್‌ಗೆ) ಇಂಥದ್ದೇ ಆವೃತ್ತಿ ಎಂದಿರುತ್ತದೆ. ಪ್ಯಾಕೇಜ್‌ನಲ್ಲಿ 1.0.0ರಿಂದ 2.0.0ರ ಒಳಗೆ ಎಂಬಂಥ ವ್ಯಾಪ್ತಿ ಬೇಕು. ಜಾವಾಸ್ಕ್ರಿಪ್ಟ್ ಜೊತೆ ಮಾತಾಡುವ 'ಪೋರ್ಟ್'ಗಳಿಗೆ ಪ್ಯಾಕೇಜ್ ಒಳಗೆ ಜಾಗವಿಲ್ಲ.

ಪರೀಕ್ಷೆ ಬರೆಯುವುದನ್ನು ತಪ್ಪಿಸಬೇಡಿ. ನನ್ನ ಫಂಕ್ಷನ್ ಬಲಗಡೆಯ 3 ಅಂಕಿ ಬಿಟ್ಟು, ಉಳಿದದ್ದನ್ನು ಎರಡೆರಡಾಗಿ ಕತ್ತರಿಸುತ್ತಿತ್ತು. 12,50,000 ಸರಿಯಾಗೇ ಬಂತು. ಆಳುಗಳಿಗೆ ಮುಂಗಡ ಜಾಸ್ತಿ ಕೊಟ್ಟಾಗ ಬಾಕಿ ಮೈನಸ್‌ಗೆ ಹೋಗುತ್ತದೆ. ಆಗ ಕಂಡದ್ದು -,12,500! ಮೈನಸ್ ಗುರುತನ್ನೂ ಅಂಕಿ ಎಂದೇ ಎಣಿಸಿದ್ದೆ. ಮೊದಲು ಗುರುತು ತೆಗೆದಿಟ್ಟು, ಕಾಮಾ ಹಾಕಿ, ಆಮೇಲೆ ಅಂಟಿಸಿದರೆ ಸರಿಹೋಯಿತು.

ಹೊರಗೆ ಬಿಡುವ ಪ್ರತಿ ಫಂಕ್ಷನ್‌ಗೂ ವಿವರಣೆಯ ಕಾಮೆಂಟ್ ಕಡ್ಡಾಯ. ಮಾಡ್ಯೂಲ್‌ಗೂ ಬೇಕು. ರೀಡ್‌ಮಿ, ಲೈಸೆನ್ಸ್ ಫೈಲ್‌ಗಳೂ ಇರಲೇಬೇಕು. ರೀಡ್‌ಮಿಯಲ್ಲಿ ಒಂದು ಉದಾಹರಣೆ ಹಾಕಿ, ಜನ ಓದುವುದು ಅದನ್ನೇ.

ಕಳಿಸುವುದು

ಮೊದಲ ಆವೃತ್ತಿ 1.0.0 ಆಗಿರಬೇಕು. ಕೋಡ್ ಕಮಿಟ್ ಮಾಡಿ, ಅದೇ ಸಂಖ್ಯೆಯ ಗಿಟ್ ಟ್ಯಾಗ್ (ಆವೃತ್ತಿಯ ಗುರುತು) ಹಾಕಿ, ಗಿಟ್‌ಹಬ್‌ಗೆ ತಳ್ಳಿ, 'ಎಲ್ಮ್ ಪಬ್ಲಿಶ್' ಎನ್ನಿ. ನಾನು ಎಡವಿದ್ದು ಇಲ್ಲೇ. ಸುಮ್ನೆ 'ಗಿಟ್ ಪುಶ್' ಎಂದರೆ ಟ್ಯಾಗ್ ಹೋಗುವುದಿಲ್ಲ. ಅದನ್ನು ಹೆಸರು ಹೇಳಿ ಬೇರೆಯಾಗಿ ತಳ್ಳಬೇಕು. ಪಬ್ಲಿಶ್ ಆಗುವಾಗ ಗಿಟ್‌ಹಬ್‌ನಿಂದ ಕೋಡ್ ಇಳಿಸಿಕೊಂಡು ಮತ್ತೊಮ್ಮೆ ಕಂಪೈಲ್ ಮಾಡಿ ನೋಡುತ್ತದೆ. ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಮಾತ್ರ ಓಡುವ ಕೋಡ್ ಅಲ್ಲಿ ಸಿಕ್ಕಿಬೀಳುತ್ತದೆ.

ಮುಂದಿನ ಆವೃತ್ತಿಯ ಸಂಖ್ಯೆಯನ್ನು ನೀವು ಆರಿಸುವಂತಿಲ್ಲ, 'ಎಲ್ಮ್ ಬಂಪ್' ಹೇಳುತ್ತದೆ. ಒಳಗಿನ ದುರಸ್ತಿ ಮಾತ್ರವಾದರೆ 1.0.1. ಹೊಸ ಫಂಕ್ಷನ್ ಸೇರಿಸಿದರೆ 1.1.0. ಪೈಸೆಗೆಂದು ನಾನು 'ಇಂಟ್' ತೆಗೆದು 'ಫ್ಲೋಟ್' ಹಾಕಿದೆ. ಒಂದೇ ಪದ ಬದಲಾಗಿದ್ದು. ನೇರವಾಗಿ 2.0.0ಕ್ಕೆ ಹಾರಿತು, ಏಕೆಂದರೆ ಹಳೆಯ ಫಂಕ್ಷನ್ ನಂಬಿದವರ ಕೋಡ್ ಮುರಿಯುತ್ತದೆ. ಒಮ್ಮೆ ಕಳಿಸಿದ್ದನ್ನು ಹಿಂದಕ್ಕೆ ತೆಗೆಯಲು ಬರುವುದಿಲ್ಲ. ಪ್ಯಾಕೇಜ್‌ಗೆ ತಮಾಷೆಯ ಹೆಸರಿಡುವ ಮುಂಚೆ ಅದೊಂದು ನೆನಪಿರಲಿ.